ಬರಿ ಮೂಲೆಯ ಮಿಠಾಯಿ

ಒಳ್ಳೆಯವಳು ಅನ್ನಿಸಿಕೊಳ್ಳುವುದರಲ್ಲಿ ಇರುವ ಸುಖ ಒಳ್ಳೆಯವಳಾಗಿ ಇರುವುದರಲ್ಲಿ ಇಲ್ಲ. ಇದನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ. ನಮ್ಮ ಬಳಗದಲ್ಲಿ ಸುಮಾರು ಐವತ್ತು ವರ್ಷ ನನಗೆ ದೊಡ್ಡ ಮನಸ್ಸಿನ ಅಕ್ಕ ಎಂಬ ಹೆಸರಿತ್ತು. ಆ ಹೆಸರು ಮೊನ್ನೆ ಅವರೆಕಾಯಿ ಕಾಲದಲ್ಲಿ, ದೊಡ್ಡಗಾಜನೂರಿನ ನಮ್ಮ ಅಡುಗೆಮನೆಯಲ್ಲಿ, ನಾಲ್ಕು ಗಾಜಿನ ಲೋಟಗಳ ಮುಂದೆ ಹೋಯಿತು. ಕಳೆದವರು ಬೇರೆ ಯಾರೂ ಅಲ್ಲ, ನನ್ನ ಬಾಯಿಯೇ.

ಹೆಸರು ಬಂದದ್ದು ಹೇಗೆ ಎಂದು ಮೊದಲು ಹೇಳಬೇಕು. ನಾವು ನಾಲ್ಕು ಜನ ಮಕ್ಕಳು. ನಾನು ದೊಡ್ಡವಳು, ನನ್ನ ಕೆಳಗೆ ತಂಗಿ ರಾಜಿ, ಆಮೇಲೆ ಇಬ್ಬರು ತಮ್ಮಂದಿರು. ಅಪ್ಪ ತಾಳವಾಡಿ ಸಂತೆಗೆ ಹೋದರೆ ಕಡಲೆಕಾಳಿನ ಗಾತ್ರದ ಬಣ್ಣದ ಮಿಠಾಯಿ ಪೊಟ್ಟಣ ಕಟ್ಟಿಸಿಕೊಂಡು ಬರುತ್ತಿದ್ದರು. ಅವತ್ತು ಅವ್ವ ನಾಲ್ಕು ಮೂಲೆಯ ತಗಡಿನ ತಟ್ಟೆ ಇಳಿಸುತ್ತಿದ್ದಳು. ತಳದಲ್ಲಿ ಬೆಲ್ಲ ಕಲಸಿದ ರಾಗಿ ಹುರಿಹಿಟ್ಟು, ಅದರ ಮೇಲೆ ಹಿಸುಕಿದ ಬಾಳೆಹಣ್ಣು, ಅದರ ಮೇಲೆ ಬೆಳಗಿನಿಂದ ಕೂಡಿಟ್ಟ ಹಾಲಿನ ಕೆನೆ. ಅದಕ್ಕೆ ಹೆಸರೇ ಇರಲಿಲ್ಲ, ನಾವು ತಟ್ಟೆ ಅಂತಲೇ ಕರೆಯುತ್ತಿದ್ದೆವು. ಮೇಲೆ ಮಿಠಾಯಿ ಇಟ್ಟು ಅಲಂಕಾರ ಮಾಡುವ ಕೆಲಸ ದೊಡ್ಡವಳಾದ ನನ್ನದು. ಆದರೆ ಅವ್ವ ಒಂದು ಕಟ್ಟಳೆ ಇಟ್ಟಿದ್ದಳು: ಮಿಠಾಯಿ ಇಟ್ಟವರು ಕೊನೆಗೆ ತಗೋಬೇಕು. ಇಡುವವಳು ತನ್ನ ಮೂಲೆಗೆ ಹೆಚ್ಚು ಇಟ್ಟುಕೊಳ್ಳಬಾರದಲ್ಲ, ಅದಕ್ಕೆ.

ಅವ್ವ ಬುದ್ಧಿವಂತೆ. ಆದರೆ ಮಗಳೂ ಅವಳದೇ ತಾನೆ? ನಾನು ಮೂರು ಮೂಲೆಗಳಲ್ಲಿ ಹೂವು, ಬಳ್ಳಿ, ನಕ್ಷತ್ರ ಬಿಡಿಸಿ, ನಾಲ್ಕನೆಯ ಮೂಲೆಯನ್ನು ಬರಿದಾಗಿ ಬಿಡುತ್ತಿದ್ದೆ. ಬಿಡುವ ಮೊದಲು ಅಲ್ಲಿ ಬೆರಳಿನಿಂದ ಕುಳಿ ತೋಡಿ, ಬಾಳೆಹಣ್ಣಿನ ಪದರದೊಳಗೆ ಐದು ಕೆಂಪು ಮಿಠಾಯಿ ಹೂತು, ಮೇಲೆ ಕೆನೆ ಸವರುತ್ತಿದ್ದೆ. ಬರಿ ಮೂಲೆಯನ್ನು ಯಾರು ಆರಿಸುತ್ತಾರೆ? ಅದು ಕೊನೆಗೆ ನನಗೇ ಉಳಿಯುತ್ತಿತ್ತು. ನಾನು ತಲೆ ತಗ್ಗಿಸಿಕೊಂಡು ತಗೊಳ್ಳುವಾಗ ಅವ್ವ, "ಪಾಪ, ನನ್ ದೊಡ್ಡ್ ಮಗ್ಳು ಯಾವಾಗ್ಲೂ ಬರಿ ಮೂಲೆನೇ ತಿಂತದ" ಅಂತ ತಲೆ ಸವರುತ್ತಿದ್ದಳು. ಆ ಕೈಯ ಬಿಸುಪು ಇವತ್ತಿಗೂ ನೆತ್ತಿಯ ಮೇಲಿದೆ. ಮಿಠಾಯಿಗಿಂತ ಅದೇ ಹೆಚ್ಚು ಸಿಹಿಯಾಗಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿದ್ದು ಮಾತ್ರ, ಎರಡೂ ಸಿಕ್ಕಿತಲ್ಲ ಎಂದು.

ಒಂದೇ ಒಂದು ಕೊರತೆ. ಅಪ್ಪ ದನ ಕಟ್ಟಿ, ಕೈಕಾಲು ತೊಳೆದು ಬರುವ ತನಕ ತಟ್ಟೆಯನ್ನು ಮುಚ್ಚಿಡಬೇಕಿತ್ತು. ಆ ಒಂದು ಗಂಟೆಯಲ್ಲಿ ನಾನು ಹೂತ ಐದು ಮಿಠಾಯಿ ಎರಡಾಗುತ್ತಿತ್ತು. ಬಾಳೆಹಣ್ಣು ಕೆಂಪಗೆ ಆಗಿರುತ್ತಿತ್ತು, ಮೂರು ಮಿಠಾಯಿ ಮಾತ್ರ ಇರುತ್ತಿರಲಿಲ್ಲ. ಕರಗಿಹೋಯಿತು ಎಂದು ತಿಳಿದೆ. ಚಿಕ್ಕಂದಿನಲ್ಲಿ ತಿಳಿದದ್ದು ಗಟ್ಟಿಯಾಗಿ ಕೂತುಬಿಡುತ್ತದೆ. ಆಮೇಲೆ ಯಾರ ಮನೆಯ ಹುಟ್ಟುಹಬ್ಬಕ್ಕೆ ಹೋದರೂ, ಕೇಕಿನ ಮುಂದೆ ನಿಂತು, "ಮಿಠಾಯಿ ಮೊದ್ಲೇ ಇಕ್ಬೇಡಿ, ಕರಗೋಯ್ತದ" ಎಂದು ಎಚ್ಚರಿಕೆ ಕೊಡುವುದು ನನ್ನ ಕೆಲಸವಾಯಿತು. ಓದಿದ್ದು ಎಂಟನೇ ಕ್ಲಾಸು, ಆದರೆ ಈ ಒಂದು ವಿಷಯದಲ್ಲಿ ನಾನು ಪಂಡಿತೆ.

ಇತ್ತ ರಾಜಿ ಮದುವೆಯಾಗಿ ತಾಳಮಲೆಗೆ ಹೋದಳು. ಪ್ರತಿ ವರ್ಷ ಸೊಗಡಿನ ಅವರೆಕಾಯಿ ಬಿಡಿಸಿದ ಕೂಡಲೇ ಒಂದು ಮೂಟೆ ಹೊರಿಸಿಕೊಂಡು, ಕಾಡಿನ ದಾರಿಯಲ್ಲಿ ಆನೆ ದಾಟುವ ತನಕ ನಿಂತು ನಿಂತು ಬರುವ ಬಸ್ಸಿನಲ್ಲಿ ನನ್ನ ಮನೆಗೆ ಬರುತ್ತಾಳೆ. ತಮ್ಮಂದಿರಿಗೆ ಈ ಭಾಗ್ಯ ಇಲ್ಲ. ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ: "ನಮ್ಮಕ್ಕ ನಮಗೋಸ್ಕರ ಬರಿ ಮೂಲೆ ತಿಂದವ್ಳು." ನನ್ನ ಮಗನ ಮದುವೆಯಲ್ಲಿ ಬೀಗರ ಎದುರಿಗೂ ಹೇಳಿ ಕಣ್ಣೊರೆಸಿಕೊಂಡಳು. ನಾನು ಸೆರಗು ಸರಿಮಾಡಿಕೊಳ್ಳುತ್ತ, "ಬುಡವ್ವ, ಅದೇನ್ ಮಾತು" ಅಂದೆ. ನಿಜ ಹೇಳಿಬಿಡೋಣ ಎಂದು ಪ್ರತಿ ವರ್ಷವೂ ಅಂದುಕೊಳ್ಳುತ್ತಿದ್ದೆ. ಹೇಳಿದರೆ ಇವಳು ಬರುವುದು ನಿಂತರೆ ಏನು ಗತಿ ಎಂದು ಬಾಯಿ ಮುಚ್ಚುತ್ತಿದ್ದೆ. ಅವರೆಕಾಯಿಯ ಆಸೆ ಇರಲಿಲ್ಲ ಎಂದು ಹೇಳಲಾರೆ. ಆದರೆ ಅವ್ವ ಹೋದ ಮೇಲೆ ನನ್ನನ್ನು ಅಷ್ಟು ಅಕ್ಕರೆಯಿಂದ ನೋಡುವ ಕಣ್ಣು ಅವಳದೊಂದೇ.

ಮೊನ್ನೆ ರಾಜಿ ಬರುವ ದಿನ ನನ್ನ ಸೊಸೆ ಸುಮತಿ ಫೋನಿನಲ್ಲಿ ನೋಡಿ ಒಂದು ಸಿಹಿ ಮಾಡಲು ಹೊರಟಳು. ಗಾಜಿನ ಲೋಟದಲ್ಲಿ ಬಿಸ್ಕತ್ತಿನ ಪುಡಿ, ಬಾಳೆಹಣ್ಣು, ಕ್ರೀಮು ಪದರ ಪದರವಾಗಿ ಹಾಕಿ ಮೇಲೆ ಬಣ್ಣದ ಮಿಠಾಯಿ. ನೋಡಿದರೆ ನಮ್ಮವ್ವನ ತಟ್ಟೆಯೇ, ಗಾಜಿನೊಳಗೆ ನಿಂತಿತ್ತು. ಗಾಜಿನಲ್ಲಿ ಏನು ಹೂತರೂ ಹೊರಗೆ ಕಾಣುತ್ತದೆ, ಈ ಕಾಲದ ಮಕ್ಕಳಿಗೆ ಎಷ್ಟು ಕಷ್ಟ ಎಂದು ಮರುಗಿದೆ. ಸುಮತಿ ಮಿಠಾಯಿ ಇಡಲು ಕೈ ಹಾಕಿದಳು. ನಾನು ನನ್ನ ಪಾಂಡಿತ್ಯ ತೆಗೆದೆ. ಅವಳು ಎದುರು ಮಾತಾಡುವ ಹುಡುಗಿಯಲ್ಲ. ಕರಗುತ್ತದೋ ಇಲ್ಲವೋ ನೋಡೋಣ ಎಂದು ಒಂದು ಬಟ್ಟಲಿನಲ್ಲಿ ಬಾಳೆಹಣ್ಣು ಹಿಸುಕಿ, ಐದು ಮಿಠಾಯಿ ಹೂತು ಪಕ್ಕಕ್ಕಿಟ್ಟಳು.

ಅಷ್ಟರಲ್ಲಿ ರಾಜಿ ಮೂಟೆ ಇಳಿಸಿದಳು. ಮೂವರೂ ಕೂತು ಅವರೆಕಾಯಿ ಸುಲಿದೆವು. ಒಂದು ಗಂಟೆ ಕಳೆದ ಮೇಲೆ ಸುಮತಿ ಬಟ್ಟಲು ತಂದು ಚಮಚದಿಂದ ಕೆದಕಿದಳು. ಬಾಳೆಹಣ್ಣು ಕೆಂಪಾಗಿತ್ತು. ಮಿಠಾಯಿ ಐದಕ್ಕೆ ಐದೂ ಇದ್ದವು, ಬಿಳಿಚಿಕೊಂಡು.

"ಕರಗಿಲ್ವಲ್ಲ ಅತ್ತೆ" ಅಂದಳು.

ಸೊಸೆಯ ಎದುರಿಗೆ ಸೋಲುವುದೆಂದರೆ ಏನು ಎಂದು ಅತ್ತೆಯಾದವರಿಗೆ ಗೊತ್ತು. "ಇದು ಈಗಿನ ಮಿಠಾಯಿ, ಅದ್ಕೇ ಕರಗಿಲ್ಲ. ಆಗಿಂದು ಕರಗ್ತಿತ್ತು. ನಾನೇ ನನ್ ಮೂಲೇಲಿ ಐದ್ ಊತಿಡ್ತಿದ್ದೆ, ಅಪ್ಪ ಬರೋ ಒತ್ಗ ಎರಡೇ ಉಳೀತಿದ್ದೊ" ಅಂದುಬಿಟ್ಟೆ.

ಮಾತು ಹೊರಗೆ ಬಿದ್ದ ಮೇಲೆ ಅದರ ಮುಖ ಕಂಡಿತು. ಸುಮತಿ ಚಮಚ ಹಿಡಿದ ಹಾಗೇ ನಿಂತಳು. ರಾಜಿಯ ಕೈಯಲ್ಲಿ ಅವರೆಕಾಯಿ ಅರ್ಧ ಸುಲಿದು ನಿಂತಿತು. ನಾನು ಸೊಗಡು ಅಂಟಿದ ನನ್ನ ಬೆರಳುಗಳನ್ನೇ ನೋಡುತ್ತ ಕೂತೆ. ಮುಂದಿನ ವರ್ಷ ಬಸ್ಸಿಳಿದು ಇವಳು ಬರುವುದಿಲ್ಲ ಎಂದು ಲೆಕ್ಕ ಹಾಕಿಬಿಟ್ಟೆ. ನಿಜವಾಗಿಯೂ ಹೆದರಿದೆ.

ರಾಜಿ ಕಾಯನ್ನು ಪೂರ್ತಿ ಸುಲಿದು, ಕಾಳನ್ನು ಮೊರಕ್ಕೆ ಹಾಕಿ, "ಆಗಲೂ ಕರಗ್ತಿರ್ನಿಲ್ಲ ಕಣಕ್ಕ" ಅಂದಳು. "ಮೂರ ನಾನೇ ತಗೀತಿದ್ದೆ."

"ನೀನಾ?"

"ನೀ ಊತಿಡೋದ ಬಾಗಲ ಸಂದೀಲಿ ನೋಡ್ತಿದ್ದೆ. ನೀ ಆಚ್ಗ ಓದೇಟ್ಗೆ ಬೆರಳಾಕಿ ತಗ್ದು, ಕೆನೆ ಸವರ್ಬುಡ್ತಿದ್ದೆ. ಎಲ್ಲಾನೂ ತಗುದ್ರ ನಿಂಗ ಗೊತ್ತಾಯ್ತದ ಅಂತ ಎರಡ ಬುಡ್ತಿದ್ದೆ."

"ಮತ್ತ ಈ ಅವರೆಕಾಯಿ?"

ರಾಜಿ ಮೊರದ ಕಡೆ ನೋಡಿದಳು. "ಅವ್ವ ನಿನ್ ತಲೆ ಸವರವಾಗ ನಂಗ ಒಟ್ಟೆ ಉರೀತಿತ್ತು. ಆಮೇಲ ಅಕ್ಕಂದ ಕದ್ದು ತಿಂದ್ನಲ್ಲ ಅಂತ ಸಂಕಟ. ಅದ್ಕ ತರ್ತೀನಿ."

ಸುಮತಿ ಮೊದಲು ನಕ್ಕಳು. ಆಮೇಲೆ ನಮಗಿಬ್ಬರಿಗೂ ತಡೆಯಲಾಗಲಿಲ್ಲ. ನಕ್ಕು ನಕ್ಕು ಕೆಮ್ಮು ಬಂದು, ಅವ್ವನ ನೆನಪಾಗಿ ಇಬ್ಬರೂ ಸ್ವಲ್ಪ ಅತ್ತೆವು ಕೂಡ. ನಗುವಾಗ, ಅಳುವಾಗ ಕೈ ಸುಮ್ಮನಿರಬೇಕಲ್ಲ, ಅಲಂಕಾರಕ್ಕೆ ತಂದಿದ್ದ ಮಿಠಾಯಿಯ ಪೊಟ್ಟಣಕ್ಕೆ ಹೋಗುತ್ತಲೇ ಇತ್ತು. ಲೋಟಗಳಿಗೆ ಅಲಂಕಾರ ಮಾಡಲು ನಾನು ಕೂತಾಗ ಮೂರಕ್ಕೆ ಮಾತ್ರ ಸಾಲುವಷ್ಟು ಉಳಿದಿತ್ತು. ಮಗ ಒಂದು ತಗೊಂಡ, ಸುಮತಿ ಒಂದು, ರಾಜಿ ಒಂದು. ಅಲಂಕಾರ ಮಾಡಿದವಳು ನಾನು, ಕೊನೆಯದು ನನಗೆ. ಜೀವಮಾನದಲ್ಲಿ ಮೊದಲ ಸಲ, ಮೇಲೂ ಇಲ್ಲದ ಕೆಳಗೂ ಇಲ್ಲದ, ನಿಜವಾಗಿಯೂ ಬರಿದಾದ ಪಾಲು. ತಲೆ ಸವರಲು ಅವ್ವ ಇರಲಿಲ್ಲ.

ರಾಜಿ ತನ್ನ ಲೋಟದಿಂದ ಒಂದು ಕೆಂಪು ಮಿಠಾಯಿ ಎತ್ತಿ ನನ್ನ ಕ್ರೀಮಿನ ನಡುವೆ ಇಟ್ಟಳು. ಅದರ ಬಣ್ಣ ಬಿಡುವ ತನಕ ನೋಡುತ್ತ ಕೂರಬೇಕು ಅನ್ನಿಸಿತು. ಆದರೂ ತಕ್ಷಣ ಬಾಯಿಗೆ ಹಾಕಿಕೊಂಡೆ. ಅವಳ ಬೆರಳು ಇನ್ನೂ ನನ್ನ ಲೋಟದ ಹತ್ತಿರವೇ ಇತ್ತು.