ಒಂದೇ ಚಿತ್ರದ ಒಂಬತ್ತು ಪ್ರತಿ

ಗಂಡನಿಗೆ ನರಿಬೇಟೆಯ ಚಿತ್ರಗಳ ಹುಚ್ಚು ಹಿಡಿದರೆ ಹೆಂಡತಿಯಾದವಳು ಸಹಿಸಿಕೊಳ್ಳಬೇಕು. ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ ಅದು ನೆಗಡಿಯಷ್ಟೇ ಸಾಮಾನ್ಯ. ಎನಿಡ್ ಹನ್ನೊಂದು ವರ್ಷ ಸಹಿಸಿದ್ದಳು. ಹೆಸರಾಂತ ಬೇಟೆಚಿತ್ರಕಾರ ಬಾರ್ನಬಿ ಕ್ರೂನ ಅಚ್ಚುಚಿತ್ರಗಳನ್ನು ಅವಳ ಗಂಡ ಸೆಡ್ರಿಕ್ ಊಟದ ಕೋಣೆಯಿಂದ ಕಕ್ಕಸಿನವರೆಗೂ ತೂಗುಹಾಕಿದ್ದ. ಆದರೆ ಅವನ ಬೀರುವಿನಲ್ಲಿ, ಕೋಟುಗಳ ಹಿಂದೆ, ಒಂದೇ ಚಿತ್ರದ ಒಂಬತ್ತು ಪ್ರತಿಗಳು ಸಿಕ್ಕಾಗ ಅವಳ ಸಹನೆ ಮುಗಿಯಿತು.

ಚಿತ್ರ ಅವರೂರಿನದೇ. ಹಿಂದಿನ ಚಳಿಗಾಲ ಕ್ರೂ ಬಂದು ಬೇಟೆ ನೋಡಿ ಬರೆದುಕೊಂಡು ಹೋಗಿದ್ದ. ನಾಯಿಗಳು, ಬೇಲಿ, ತಲೆಕೆಳಗಾಗಿ ಹಳ್ಳಕ್ಕೆ ಬಿದ್ದ ಯಾರೋ ಒಬ್ಬರು. ನಡುವೆ ಬಿಳಿ ಕುದುರೆಯ ಮೇಲೆ ತೆಳುಸೊಂಟದ ಸುಂದರಿ. (ಅಷ್ಟು ತೆಳ್ಳಗಿನ ಸೊಂಟದಲ್ಲಿ ಉಂಡ ಅನ್ನ ಎಲ್ಲಿ ಕೂರುತ್ತದೋ, ದೇವರೇ ಬಲ್ಲ.)

"ರೀ, ಒಂಬತ್ತು ಯಾಕ್ರೀ?" ಎಂದಳು ಚಹಾದ ಹೊತ್ತಿಗೆ.

ಸೆಡ್ರಿಕ್‌ನ ಬಿಸ್ಕತ್ತು ಬಟ್ಟಲೊಳಗೆ ಮುಳುಗಿತು. "ಮುಂದೆ ಬೆಲೆ ಬರತ್ತೆ ಕಣೇ."

"ಹಾಗಾದ್ರೆ ಒಂದನ್ನಾದ್ರೂ ಗೋಡೆಗೆ ಹಾಕಿ."

"ಬೇಡ. ಬಿಸಿಲಿಗೆ ಬಣ್ಣ ಹೋಗತ್ತೆ."

ಕಕ್ಕಸಿನೊಳಗೂ ಬಿಸಿಲೇ? ಅವಳ ಸಂಶಯ ಗಟ್ಟಿಯಾಯಿತು. ಆ ಬಿಳಿ ಕುದುರೆಯವಳು ಯಾರೋ ಇರಲೇಬೇಕು. ಮರುದಿನ ಒಂದು ಪ್ರತಿಯನ್ನು ಶಾಲಿನೊಳಗೆ ಬಚ್ಚಿಟ್ಟುಕೊಂಡು, ಅಂಚೆಯ ಕೆಲಸವೂ ನಡೆಯುವ ಊರಂಗಡಿಗೆ ಹೋದಳು. ಅಲ್ಲಿನ ಮಿಸೆಸ್ ಟ್ಯಾಪ್ಲಿಯನ್ನು ಒಪ್ಪಿಸಿ ಅದನ್ನು ಕಿಟಕಿಯಲ್ಲಿ ನಿಲ್ಲಿಸಿದಳು. ಕೆಳಗೊಂದು ಚೀಟಿ: 'ಈ ಹೆಂಗಸು ಯಾರೆಂದು ಬಲ್ಲವರು ದಯವಿಟ್ಟು ಒಳಗೆ ಬಂದು ತಿಳಿಸಿ.'

ಮೂರು ದಿನ ಬಿಟ್ಟು ಹೋದರೆ ಮಿಸೆಸ್ ಟ್ಯಾಪ್ಲಿ ಮುಖ ನೋಡದೆ ಅಂಚೆಚೀಟಿ ಎಣಿಸತೊಡಗಿದಳು.

"ಯಾರಂತೆ?"

"ಹತ್ತೊಂಬತ್ತು ಜನ ಬಂದು ಹೇಳಿದ್ರು ಅಮ್ಮಾ. ಎಲ್ಲರದೂ ಒಂದೇ ಹೆಸರು."

"ಸತಾಯಿಸಬೇಡ, ಹೇಳು. ಬಿಳಿ ಕುದುರೆಯವಳು ಯಾರು?"

"ಅವಳನ್ನ ಯಾರೂ ಕಂಡಿಲ್ಲ. ಚಿತ್ರಕ್ಕೆ ಚೆಂದ ಅಂತ ಸೇರಿಸಿರಬೇಕು." ಮಿಸೆಸ್ ಟ್ಯಾಪ್ಲಿ ಗಂಟಲು ಸರಿಮಾಡಿಕೊಂಡಳು. "ಅವರು ಹೇಳಿದ್ದು ಹಳ್ಳದೊಳಗಿರೋರ ವಿಷಯ. ಹಸಿರು ಲಂಗ, ಹೊಲಿಗೆ ಬಿಟ್ಟಿರೋ ಬೂಟು... ನೀವೇ ಅಂತೆ."

ಎನಿಡ್ ಕಿಟಕಿಯತ್ತ ಬಗ್ಗಿದಳು. ಬೇಟೆ ನೋಡಲು ಹೋದ ಆ ದಿನ ತಾನು ಹಳ್ಳಕ್ಕೆ ಬಿದ್ದದ್ದನ್ನು ಒಂದು ಗುಬ್ಬಿಯೂ ಕಂಡಿಲ್ಲವೆಂದು ನಂಬಿದ್ದಳು. ಬಾರ್ನಬಿ ಕ್ರೂ ಬೇಲಿಯ ಮರೆಯಲ್ಲೇ ಕೂತಿದ್ದ. ಅವಳ ಹಿಂಭಾಗವನ್ನು, ಒಂದು ನೆರಿಗೆಯೂ ಬಿಡದೆ, ಭಕ್ತಿಯಿಂದ ಬಿಡಿಸಿದ್ದ.

ಮನೆಗೆ ಬಂದು ನಡೆದದ್ದನ್ನೆಲ್ಲ ಗಂಡನ ಮುಂದಿಟ್ಟಳು. ಸೆಡ್ರಿಕ್ ತಲೆ ತಗ್ಗಿಸಿ ಒಪ್ಪಿಕೊಂಡ. "ನೀನು ನೋಡಿ ನೊಂದ್ಕೋತೀಯ ಅಂತ ಸುತ್ತಲಿನ ಅಂಗಡೀಲಿ ಇದ್ದಬದ್ದದ್ದೆಲ್ಲ ಕೊಂಡ್ಕೊಂಡ್ಬಿಟ್ಟೆ ಕಣೇ. ಊರಲ್ಲಿ ಒಂದೂ ಉಳಿದಿರ್ಲಿಲ್ಲ."

ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಅವಳು ಅವನ ಬೋಳುತಲೆಯನ್ನು ನೇವರಿಸಿದಳು. ಆಮೇಲೆ ಶಾಲು ಹೊದ್ದು, ಆ ಒಂದು ಪ್ರತಿಯನ್ನು ವಾಪಸು ತರಲು ಓಡಿದಳು.

ಅಂಗಡಿಯ ಮುಂದೆ ಸಾಲು ನಿಂತಿತ್ತು.

"ಒಳ್ಳೇದಾಯ್ತು, ನೀವೇ ಬಂದ್ರಿ," ಎಂದಳು ಮಿಸೆಸ್ ಟ್ಯಾಪ್ಲಿ. "ಇನ್ನೂ ನಲವತ್ತು ಪ್ರತಿ ಲಂಡನ್ನಿಂದ ತರಿಸ್ತಿದೀನಿ. ಕೊಳ್ಳೋರಿಗೆ ಚಿತ್ರಕಾರರ ಸಹಿ ಬೇಡ್ವಂತೆ, ನಿಮ್ಮದೇ ಬೇಕಂತೆ."