ಬಾಗಿಲು ಹಾಕಿಕೊಂಡು ಹಾಸಿದ ನೆಲ

ಅಡಿಗೆಮನೆಯ ನೆಲಕ್ಕೆ ಮರದ ಹಲಗೆ ಹಾಸಲು ಇನ್ನೊಬ್ಬರ ಕೈ ಬೇಡ, ನನ್ನ ಎರಡು ಕೈಯೇ ಸಾಕು ಎಂದು ಆ ಭಾನುವಾರ ಬೆಳಿಗ್ಗೆ ಘೋಷಿಸಿಯೇ ಬಿಟ್ಟೆ! ಓದಿದ್ದು ಆರನೇ ಕ್ಲಾಸಾದರೇನು? ಇಪ್ಪತ್ತಾರು ವರ್ಷ ಲಾರಿ ಓಡಿಸಿದ್ದೇನೆ. ತಗ್ಗು ಸೇತುವೆಯ ಕೆಳಗೆ ನಾಲ್ಕೇ ಬೆರಳು ಸಂದಿ ಇದ್ದರೂ ಹೇರು ಸಮೇತ ದಾಟಿಸಿದ ಮಹಾಶೂರ. ಒಂದಷ್ಟು ಹಲಗೆ ನನಗೆ ಯಾವ ಲೆಕ್ಕ?

ನಿಜ ಹೇಳಬೇಕೆಂದರೆ, ಕೈ ಕೊಡಲು ಒಬ್ಬನಿದ್ದ. ನನ್ನ ಭಾಮೈದ, ಹೆಂಡತಿಯ ಒಬ್ಬನೇ ತಮ್ಮ. ಬಡಗಿ. ಅಡಿಗೆಮನೆಯ ಕಪಾಟುಗಳನ್ನು ಮಾಡಿ ಕೂರಿಸಿದವನೂ ಅವನೇ. ಹಿಂದಿನ ವಾರ ಬಂದು, ಮಂಡಿಯೂರಿ ನೆಲ ನೋಡಿ, ಮೆಲ್ಲಗೆ ಹೇಳಿದ್ದ:

"ಭಾವ, ಕಪಾಟು ಇರೋ ಕಡೆ ಹಲಗೆ ಹಾಕೋದು ಸ್ವಲ್ಪ ಸೂಕ್ಷ್ಮ. ನೆಲ ಹೆಬ್ಬೆರಳು ದಪ್ಪ ಮೇಲೇಳುತ್ತೆ. ನಾನೇ ಮಾಡ್ಕೊಡ್ತೀನಿ ಬಿಡಿ."

ಎಷ್ಟು ಒಳ್ಳೆಯ ಮಾತು! ನನಗೆ ಮಾತ್ರ ಮೆಣಸಿನಕಾಯಿ ಇಟ್ಟಂತಾಯಿತು. "ನನ್ನ ಕೈಲಾಗಲ್ಲ ಅಂತೀಯೇನೋ? ನಿನ್ನೆ ಮೊನ್ನೆ ಉಳಿ ಹಿಡಿದವನು! ಇನ್ನೊಂದ್ಸಲ ಈ ಮನೆ ಹೊಸ್ತಿಲು ತುಳೀಬೇಡ!"

ಅವನು ಮುಟ್ಟದ ಟೀಯನ್ನು ಹಾಗೇ ಬಿಟ್ಟು ಎದ್ದು ಹೋದ. ಹೆಂಡತಿ ಜಗಳವಾಡಲಿಲ್ಲ. ಆಡಿದ್ದರೆ ವಾಸಿಯಿತ್ತು. "ಅಪ್ಪ ಅಮ್ಮ ಇಲ್ದೋನು. ಈ ಮನೆ ಬಿಟ್ರೆ ಅವನಿಗೆ ಇನ್ಯಾವ ಮನೆ ಇದೆ ರೀ? ಒಂದು ಫೋನ್ ಮಾಡಿ" ಎಂದಳು, ಅಷ್ಟೇ. ಆಮೇಲೆ ವಾರವಿಡೀ ಮನೆಯಲ್ಲಿ ಪಾತ್ರೆಗಳದ್ದೇ ಮಾತು.

ಭಾನುವಾರ ನಾನು ಸುತ್ತಿಗೆ ಎತ್ತಿದಾಗ ಮತ್ತೆ ಬಾಗಿಲಲ್ಲಿ ನಿಂತಳು. "ಇನ್ನೂ ಹೊತ್ತು ಮೀರಿಲ್ಲ, ಅವನನ್ನ ಕರೀರಿ."

"ಅವನ ಸುದ್ದಿ ಎತ್ತಬೇಡ!" ಎಂದು ಧಡಾರನೆ ಬಾಗಿಲು ಹಾಕಿಕೊಂಡೆ. ನಮ್ಮ ಅಡಿಗೆಮನೆ ಬಾಗಿಲು ಒಳಕ್ಕೆ ತೆರೆಯುವಂಥದ್ದು. ಇದನ್ನು ಆಗ ನಾನು ನೆನೆಯಲಿಲ್ಲ. ನೀವು ನೆನಪಿಡಿ.

ಕಿಟಕಿ ಗೋಡೆಯಿಂದ ಶುರು ಮಾಡಿದೆ. ಗೋಂದು ಬಳಿದೆ, ಮೊಳೆ ಹೊಡೆದೆ. ಯಮನೇ ಬಂದು ಎಳೆದರೂ ಹಲಗೆ ಕದಲಬಾರದು, ಹಾಗೆ ಹೊಡೆದೆ! ಕಪಾಟುಗಳ ಬುಡಕ್ಕೆ ಒತ್ತಿ ಒತ್ತಿ ಕೂರಿಸಿದೆ. ಮೂರು ಗಂಟೆಗೆ ಕೊನೆಯ ಹಲಗೆಯನ್ನು ಮುಚ್ಚಿದ ಬಾಗಿಲಿಗೆ ಬಿಗಿಯಾಗಿ ಬಡಿದು ಎದ್ದು ನಿಂತೆ. ಆಹಾ! ಅರಮನೆ!

ಹೊಟ್ಟೆ ಚುರುಗುಟ್ಟಿತು. ಬಿಸ್ಕತ್ತು ತೆಗೆಯೋಣವೆಂದು ಉದ್ದನೆ ಕಪಾಟಿನ ಕದ ಎಳೆದೆ. ಬರಲಿಲ್ಲ. ಬಗ್ಗಿ ನೋಡಿದರೆ, ಕದದ ತಳಕ್ಕೆ ಹೊಸ ನೆಲ ಅಡ್ಡ ನಿಂತಿದೆ! ಡಬ್ಬಿಗಳೆಲ್ಲ ಸೆರೆ. ಇರಲಿ, ಇವಳನ್ನು ಕೇಳೋಣವೆಂದು ಅಡಿಗೆಮನೆ ಬಾಗಿಲ ಹಿಡಿ ತಿರುಗಿಸಿ ಎಳೆದೆ. ಗೋಡೆಗೆ ಕಾಲು ಕೊಟ್ಟು ಎಳೆದೆ. ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ!

"ಏನ್ರೀ ಅದು ಸದ್ದು?" ಹೊರಗಿನಿಂದ ಹೆಂಡತಿ.

"ಏನಿಲ್ಲ. ಬಾಗಿಲು ಗಟ್ಟಿ ಇದೆಯಾ ಅಂತ ನೋಡ್ತಿದ್ದೆ."

"ಇದೆಯಾ?"

"ಭಾಳ ಗಟ್ಟಿ ಇದೆ."

"ಸರಿ, ಹೊರಗೆ ಬನ್ನಿ ಮತ್ತೆ."

"...ಬರಕ್ಕಾಗ್ತಿಲ್ಲ ಕಣೇ."

"ಕಿಟಕಿ?"

"ಕಂಬಿ ಇದೆಯಲ್ಲೇ!"

"ಹಾಗಾದ್ರೆ ಹಲಗೆ ಕಿತ್ತಾಕಿ."

ಕಿತ್ತೆ. ಅಂದರೆ, ಕೀಳಲು ಹೋದೆ. ಅಂಚು ಚೂರಾಯಿತೇ ಹೊರತು ಹಲಗೆ ಏಳಲಿಲ್ಲ. ನನ್ನ ಮೊಳೆಯೂ ನನ್ನ ಮಾತಿನ ಹಾಗೆಯೇ. ಹೊಡೆಯುವುದು ಗೊತ್ತು, ಹಿಂದಕ್ಕೆ ತೆಗೆಯುವುದು ಗೊತ್ತಿಲ್ಲ.

"ಅವನನ್ನ ಕರೀಲಾ?" ಎಂದಳು.

ಹೊಸ ನೆಲದ ಮೇಲೆ ಕುಕ್ಕರಿಸಿದೆ. "ಕರಿ."

"ನಾನು ಕರೆದ್ರೆ ಬಂದಾನು. ಬಂದ ಮೇಲೆ ಮಾತಾಡೋದು ನೀವು."

ಕಾಲು ಗಂಟೆಯಲ್ಲಿ ಬಂದ! ಹೆಜ್ಜೆ ಸದ್ದು ಬಾಗಿಲ ತನಕ ಬಂದು ನಿಂತಿತು. ನಾನು ಮಂಡಿಯೂರಿ, ಬೀಗದ ತೂತಿಗೆ ಬಾಯಿಟ್ಟೆ.

"ಬಂದ್ಯೇನೋ? ಬಾಗಿಲು ಸಿಕ್ಕಿಹಾಕ್ಕೊಂಡಿದೆ. ಅವತ್ತು... ನಾನು ಆಡಿದ್ದು ತಪ್ಪು ಕಣೋ."

ಸದ್ದಿಲ್ಲ.

"ನಿನ್ನ ಕಸುಬು ನಿನಗೆ ಗೊತ್ತು ಅಂತ ನನಗೂ ಗೊತ್ತಿತ್ತು. ನಿಮ್ಮಕ್ಕ ಬಂದವರಿಗೆಲ್ಲ ನಿನ್ನ ಕಪಾಟು ತೋರಿಸಿ ಹೊಗಳ್ತಾಳೆ. ನನ್ನ ಲಾರಿನ ಒಂದು ದಿನಾನೂ ಹೊಗಳಿದ್ದಿಲ್ಲ. ಹೊಟ್ಟೆ ಉರೀತು."

ತೂತಿಗೆ ಕಣ್ಣಿಟ್ಟರೆ ಅವನ ಅಂಗಿಯ ಗುಂಡಿ ಮಾತ್ರ ಕಂಡಿತು. ಮತ್ತೆ ಬಾಯಿಟ್ಟೆ.

"ಹೋದ ವರ್ಷ ನಿನ್ನ ಏಣಿ ಮುರಿದದ್ದೂ ನಾನೇ ಕಣಪ್ಪ, ಸುಮ್ನೆ ಪಕ್ಕದ ಮನೆಯವನ ಮೇಲೆ ಹಾಕ್ದೆ. ನಿನ್ನ ಒಳ್ಳೆ ಉಳೀಲಿ ಬಣ್ಣದ ಡಬ್ಬಿ ಮುಚ್ಚಳ ಎಬ್ಬಿಸಿದ್ದೂ ನಾನೇ! ಇದು ನಿನ್ನ ಮನೆ ಕಣೋ. ಯಾವಾಗ ಬೇಕಾದ್ರೂ ಬಾ. ಏನಾದ್ರೂ ಮಾತಾಡೋ!"

ಹೊರಗೆ ಭಾಮೈದ ಗಂಟಲು ಸರಿಮಾಡಿಕೊಂಡ.

"ಭಾವ, ಬಾಗಿಲ ಕೀಲು ಒಳಗಡೆ, ನಿಮ್ಮ ಪಕ್ಕದಲ್ಲೇ ಇದೆ. ಮೊಳೆ ಇಟ್ಟು ಕೆಳಗಿಂದ ತಟ್ಟಿ, ಕೀಲಿನ ಪಿನ್ನು ಮೇಲೆ ಬರುತ್ತೆ. ಆಮೇಲೆ ಬಾಗಿಲನ್ನ ನಿಮ್ಮ ಕಡೆ ವಾಲಿಸಿ ಎತ್ಕೊಳ್ಳಿ."

ಎರಡೇ ನಿಮಿಷ! ಬಾಗಿಲನ್ನು ಕೂಸಿನಂತೆ ತಬ್ಬಿಕೊಂಡು ನಿಂತೆ. ಎದುರಿಗೆ ಹೆಂಡತಿ, ಕಣ್ಣಲ್ಲಿ ನೀರು, ಬಾಯಿಗೆ ಅಡ್ಡ ಕೈ. ಪಕ್ಕದಲ್ಲಿ ಅವನು, ಏನೂ ಆಗದವನ ಹಾಗೆ.

"ಈ ಕೀಲಿನ ಉಪಾಯ ನಿನಗೆ ಯಾವಾಗ ಹೊಳೀತೋ?"

"ಅಕ್ಕ ಫೋನ್ ಮಾಡ್ದಾಗ್ಲೇ."

"ಮತ್ತೆ ಬಂದ ತಕ್ಷಣ ಬೊಗಳಬಾರದಿತ್ತಾ?"

"ನೀವು ಮಾತಾಡ್ತಿದ್ರಿ ಭಾವ. ಮಧ್ಯೆ ಬಾಯಿ ಹಾಕಿದ್ರೆ ನಿಮಗೆ ಸಿಟ್ಟು ಬರುತ್ತಲ್ವಾ!"