ಮೂರನೆಯ ವಾಯರು

ನೇಸರಗಿಯ ಬೀಜ-ಗೊಬ್ಬರದ ಅಂಗಡಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ನಿಂಗರಾಜ ಆ ಸಂಜೆ ಕಿತ್ತೂರಿಗೆ ಕನ್ಯೆ ನೋಡಲು ಹೋಗಬೇಕಿತ್ತು. ಹಿಂದೆ ಎರಡು ಸಲ ಇದೇ ಕನ್ಯೆಯನ್ನು ನೋಡಲು ಹೊರಟಾಗಲೂ ಅಂಗಡಿಯ ನೆಟ್ ಬಿದ್ದು, ಅರ್ಧ ದಾರಿಯಲ್ಲೇ ಬಸ್ಸಿಳಿದು ವಾಪಸ್ಸು ಬಂದಿದ್ದ. ಇವತ್ತೂ ತಪ್ಪಿಸಿದರೆ ಮತ್ತೆ ನಮ್ಮ ಮನೆಗೆ ಬರುವ ತೊಂದರೆಯನ್ನೇ ತೆಗೆದುಕೊಳ್ಳಬೇಡಿ ಎಂದು ಕನ್ಯೆಯ ಅಪ್ಪ ಬಹಳ ಮರ್ಯಾದೆಯಿಂದ ಹೇಳಿಕಳಿಸಿದ್ದರು.

ಅಂಗಡಿಯ ಕೌಂಟರ್, ಗೋದಾಮು, ಮಾಲೀಕರ ಕೋಣೆ, ಮೂರೂ ಕಡೆ ನೆಟ್ ಹಂಚುವ ಒಂದೊಂದು ಸ್ವಿಚ್ ಪೆಟ್ಟಿಗೆ. ಒಂದರಿಂದ ಒಂದಕ್ಕೆ ಸಾಲಾಗಿ ವಾಯರು. ನಡುವೆ ಎಲ್ಲಿ ಕಡಿದರೂ ಮುಂದಿನದೆಲ್ಲ ಬಂದ್. ಗೋದಾಮಿನಲ್ಲಿ ನೂರು ಚೀಲ ಗೋವಿನಜೋಳ ಇದ್ದರೂ ಇಲಿಗಳಿಗೆ ವಾಯರೇ ರುಚಿ.

"ಸಾವ್ಕಾರ್ರ, ಇನ್ನೊಂದು ವಾಯರ್ ಎಳದು ಮೂರೂ ಪೆಟಗಿ ಒಂದಕ್ಕೊಂದು ಕೂಡಸ್ತೇನ್ರಿ. ಒಂದು ಹಾದಿ ಹೋದ್ರ ಇನ್ನೊಂದು ಹಾದೀಲೆ ನೆಟ್ ಬರತೈತಿ," ಎಂದ ನಿಂಗರಾಜ.

"ಮಾಡು. ಅದು ಮುಗದ ಮ್ಯಾಲೇ ಕಿತ್ತೂರ," ಎಂದರು ಮಾಲೀಕ ಅಂದಾನೆಪ್ಪನವರು. ಕಂಪ್ಯೂಟರಿನ ಬಗ್ಗೆ ಅವರಿಗೆ ಅಪಾರ ಜ್ಞಾನ. ಅದರ ಬಟನ್ ಎಲ್ಲಿದೆ ಎಂಬುದು ಗೊತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ವಾಯರು ಎಳೆದಾಯಿತು. ಸೆಟ್ಟಿಂಗ್ ಮಾಡದೆ ಮೂರನ್ನೂ ಕೂಡಿಸಿದರೆ ನೆಟ್ ದಾರಿ ತಪ್ಪಿ ಒಳಗೊಳಗೇ ಸುತ್ತತೊಡಗುತ್ತದೆ. ಅದಕ್ಕೇ ಕೊನೆಯ ತುದಿಯನ್ನು ಕೌಂಟರಿನ ಬಳಿ ಜೋತುಬಿಟ್ಟು, ಅವನು ಒಳಗೆ ಸೆಟ್ಟಿಂಗಿಗೆ ಕುಳಿತ.

ಕ್ಯಾಶಿಯರ್ ರಾಜೇಶ್ವರಿಯ ಕಣ್ಣಿಗೆ ಅದು ಬಿತ್ತು. ಪರರಿಗೆ ಉಪಕಾರ ಮಾಡದೆ ಆಕೆಗೆ ಊಟ ಕರಗುತ್ತಿರಲಿಲ್ಲ. ಪೆಟ್ಟಿಗೆಯಲ್ಲಿ ಖಾಲಿ ತೂತು ಕಂಡದ್ದೇ ವಾಯರಿನ ತುದಿ ಚುಚ್ಚಿಬಿಟ್ಟಳು.

ಮೂರೂ ಪೆಟ್ಟಿಗೆಗಳ ದೀಪಗಳು ಮದುವೆ ಮಂಟಪದ ಸರದಂತೆ ಮಿಣಮಿಣ ಕುಣಿದವು. ಬಿಲ್ಲಿನ ಯಂತ್ರ ಅರ್ಧ ಬಿಲ್ಲು ನಾಲಿಗೆಯಂತೆ ಹೊರಚಾಚಿ ನಿಂತಿತು. ಗಿರಾಕಿಗಳ ಗದ್ದಲ ಎದ್ದಿತು. ಗೋದಾಮಿನ ಶಟ್ಟೆಪ್ಪ ತನ್ನ ಪೆಟ್ಟಿಗೆಗೆ ಎರಡು ಬಾರಿಸಿ, "ನಮ್ಮ ಟೀವಿಗೆ ಇಷ್ಟ ಸಾಕಾಗತಿತ್ರಿ," ಎಂದ.

"ಯಾರ ಹಚ್ಚಿದ್ರಿ ಇದನ್ನ?" ನಿಂಗರಾಜ ಓಡಿಬಂದ.

"ನಾನಪಾ. ನೀ ಮರತಿದ್ದಿ, ನಾ ನೆನಪಿಟ್ಟೆ," ಎಂದಳು ರಾಜೇಶ್ವರಿ, ಶಹಬ್ಬಾಸ್‌ಗಿರಿಗೆ ಕಾಯುತ್ತ.

ವಾಯರು ಕಿತ್ತು, ಸೆಟ್ಟಿಂಗ್ ಮುಗಿಸಿ, ಮತ್ತೆ ಕೂಡಿಸುವಷ್ಟರಲ್ಲಿ ಮೂರು ಗಂಟೆ. ಕಿತ್ತೂರಿನ ಬಸ್ಸಿಗೆ ಇನ್ನು ಹತ್ತೇ ನಿಮಿಷ. ನಿಂಗರಾಜ ಇಸ್ತ್ರಿಯ ಅಂಗಿ ತೊಟ್ಟು, ಎಲ್ಲರೆದುರು ಒಂದು ವಾಯರು ಕಿತ್ತು ತೋರಿಸಿದ. ನೆಟ್ ನಡೆಯುತ್ತಲೇ ಇತ್ತು! ಅಂದಾನೆಪ್ಪನವರು ಅದನ್ನು ಹಚ್ಚಿಸಿ, ತಾವೇ ಇನ್ನೊಂದು ಕಿತ್ತು ನೋಡಿದರು. ಆಗಲೂ ನಿಲ್ಲಲಿಲ್ಲ.

"ಅಂದ್ರ ಇದು ಇರದಿದ್ರೂ ನಡೀತೈತಿ?"

"ಹೌದ್ರಿ!" ಎಂದ ನಿಂಗರಾಜ, ಎದೆಯುಬ್ಬಿಸಿ.

"ಮತ್ಯಾಕ ಸುಮ್ನ ದಂಡ? ಬಿಚ್ಚಿ ಸುತ್ತು. ಚಚಡಿ ಊರಾಗಿನ ನಮ್ಮ ಮನ್ಯಾಗ ಕ್ಯಾಮೆರಾಕ್ಕ ವಾಯರ್ ಕಮ್ಮಿ ಬಿದ್ದೈತಿ. ಈಗ ಹೋಗಿ ಹಾಕಿ ಬರೂಣು, ಗಾಡಿ ಹತ್ತು. ಕಿತ್ತೂರ ಎಲ್ಲಿ ಓಡಿಹೋಗತೈತಿ?"

"ಸಾವ್ಕಾರ್ರ, ಅದು ಆಪತ್ತಿಗಂತ ಇಟ್ಟದ್ದರಿ! ನಾಳೆ ಉಳಿದದ್ದು ಕಡದ್ರ..."

ಹೊರಗೆ ಕಿತ್ತೂರಿನ ಬಸ್ಸು ಹಾರ್ನ್ ಹೊಡೆಯುತ್ತ ಹಾದುಹೋಯಿತು.

"ಕಡದ್ರ ನೀ ಅದೀಯಲ್ಲೋ!" ಎಂದು ಅಂದಾನೆಪ್ಪನವರು ಅವನ ಬೆನ್ನು ತಟ್ಟಿದರು.